‘ಊರು’ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ?

ಕೆಲವು ಮಳೆಗಾಲಗಳ ಹಿಂದಿನ ಮಾತು. ಜೂನ್ ತಿಂಗಳು, ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಸಾಲಾಗಿ ನಿಂತಿದ್ದವು. ಬೋಟ್ ಮಾಲೀಕರೊಬ್ಬರು ತಮ್ಮ ಕಲಾಸಿ ಹುಡುಗನನ್ನು ಕಾರವಾರದ ನನ್ನ ಕಚೇರಿಗೆ ಕರೆತಂದರು. ಛತ್ತೀಸ್‌ಗಢದ ಬಸ್ತರ್ ಕಡೆಯವನು. ಆಧಾರ್ ತಿದ್ದುಪಡಿಗೆ ಅಫಿಡವಿಟ್ ಬೇಕಿತ್ತು. ಹೆಸರು, ತಂದೆಯ ಹೆಸರು, ವಯಸ್ಸು ಬರೆದಾಯಿತು. ‘ಊರು’ ಎಂದು ಕೇಳಿದಾಗ ಹುಡುಗ ಸುಮ್ಮನಾದ. ಹುಟ್ಟಿದ ಹಳ್ಳಿಯನ್ನು 2006ರಲ್ಲಿ ಸುಟ್ಟಿದ್ದರು. ಆಗ ಅವನಿಗೆ ಏಳೋ ಎಂಟೋ ವರ್ಷ. ಆಮೇಲೆ ಊರು ಬಿಡಿಸಿದವರನ್ನು ಇಟ್ಟಿದ್ದ ದೋರ್ನಾಪಾಲ್ ಶಿಬಿರ. ಅಲ್ಲಿಂದ ರಾತ್ರೋರಾತ್ರಿ ರಾಜ್ಯದ ಗಡಿ ದಾಟಿ ಆಗಿನ ಆಂಧ್ರದ ಖಮ್ಮಂ ಕಾಡಿನಲ್ಲಿ ಗುಡಿಸಲು. ಆ ಗುಡಿಸಲನ್ನೂ ಎರಡು ಸಲ ಕಿತ್ತುಹಾಕಿದ್ದರು. “ಇದರಲ್ಲಿ ಯಾವುದನ್ನು ಬರೆಸಲಿ ಸಾಹೇಬ್?” ಎಂದ, ಹರಕು ಹಿಂದಿಯಲ್ಲಿ.

ನಿರಾಶ್ರಿತರ ಪರಿಹಾರದ ಕೇಸುಗಳಲ್ಲೇ ನನ್ನ ವಕೀಲಿಕೆ ಸವೆದಿದೆ. ಸೂಪಾ ಅಣೆಕಟ್ಟಿಗೆ ಮನೆಮಠ ಕಳೆದುಕೊಂಡು ರಾಮನಗರಕ್ಕೆ ಬಂದವರು, ಕೈಗಾಕ್ಕೆ ಜಾಗ ಬಿಟ್ಟವರು, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗೆ ಕಡಲದಂಡೆ ಬಿಟ್ಟು ಎದ್ದವರು. ತೋಡೂರು ಕಾಲೊನಿಯ ಅಜ್ಜಿಯೊಬ್ಬಳು ಪ್ರತಿ ಸಲ ಒಂದು ಪ್ಲಾಸ್ಟಿಕ್ ಕೊಟ್ಟೆ ತುಂಬ ಕಾಗದ ತರುತ್ತಿದ್ದಳು: ಹಳೆಯ ಪಹಣಿ, ಪರಿಹಾರದ ಅವಾರ್ಡ್ ನಕಲು, ಗೆದ್ದಲು ತಿಂದ ರೇಷನ್ ಕಾರ್ಡು. “ಮನಿ ಹೋತು, ಇದೊಂದು ಉಳ್ದದೆ ನೋಡ್ರಾ” ಎನ್ನುತ್ತಿದ್ದಳು. ನಮ್ಮ ಜಿಲ್ಲೆಯ ಜನರನ್ನು ನೋಟಿಸು ಕೊಟ್ಟು ಎಬ್ಬಿಸಿದರು. ಅನ್ಯಾಯ ಬೇಕಾದಷ್ಟಾಯಿತು, ಪರಿಹಾರಕ್ಕೆ ದಶಕಗಟ್ಟಲೆ ಅಲೆದಾಟವೂ ಆಯಿತು. ಆದರೂ ಕೋರ್ಟಿನ ಮುಂದೆ ಇಡಲು ಒಂದು ಹಾಳೆ ಇತ್ತು. ಬಸ್ತರಿನ ಹುಡುಗನಿಗೆ ಆ ಒಂದು ಹಾಳೆಯೂ ಇಲ್ಲ. ಬಂದೂಕು ಹಿಡಿದವರು ಬಂದು ಊರು ಖಾಲಿ ಮಾಡಿಸಿದಾಗ ಯಾವ ದಾಖಲೆಯೂ ಹುಟ್ಟುವುದಿಲ್ಲ. ಆ ಜನ ಎಲ್ಲಿಗೆ ಹೋದರೂ ಮತ್ತೆ ಮತ್ತೆ ಹೊಡೆತ ತಿನ್ನುವುದು ಇದರಿಂದಲೇ ಎಂಬುದು ನನ್ನ ಅನುಭವ.

ಬಂದೂಕು ಹಿಡಿದವರು ಎಂದೆ. ಅಂಥವರನ್ನು ಪ್ಯಾರಾಮಿಲಿಟರಿ ಎನ್ನುವುದುಂಟು. ಆ ಪದ ಕೇಳಿದರೆ ನಮ್ಮಲ್ಲಿ ಸಿಆರ್‌ಪಿಎಫ್, ಬಿಎಸ್‌ಎಫ್ ನೆನಪಾಗುತ್ತವೆ. ಕೊಲಂಬಿಯಾದಂಥ ದೇಶಗಳಲ್ಲಿ ಆ ಪದಕ್ಕೆ ಬೇರೆಯೇ ಅರ್ಥ: ದೊಡ್ಡ ಜಮೀನುದಾರರು, ಮಾದಕ ವಸ್ತು ವ್ಯಾಪಾರಿಗಳು ಹಣ ಹಾಕಿ ಬೆಳೆಸಿದ, ಸೇನೆಯೊಳಗಿನ ಕೆಲವರ ಬೆಂಬಲವೂ ಇದ್ದ ಖಾಸಗಿ ಪಡೆಗಳು. ಸರ್ಕಾರದ್ದೂ ಅಲ್ಲದ, ಪೂರ್ತಿ ಖಾಸಗಿಯೂ ಅಲ್ಲದ ಇಂಥ ಪಡೆಯ ಮೇಲೆ ದೂರು ಕೊಡಲು ಹೋದರೆ ‘ಅವರು ನಮ್ಮವರಲ್ಲ’ ಎನ್ನಲು ಎಲ್ಲರಿಗೂ ಸುಲಭ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದದ್ದು ಸಲ್ವಾ ಜುಡೂಮ್. 2005ರಲ್ಲಿ ಆಗಿನ ದಾಂತೇವಾಡ ಜಿಲ್ಲೆಯಲ್ಲಿ, ಮಾವೋವಾದಿಗಳ ವಿರುದ್ಧ ಜನರೇ ಎದ್ದ ಚಳವಳಿ ಎಂಬ ಹೆಸರಿನಲ್ಲಿ ಶುರುವಾಯಿತು. ಐದನೇ ತರಗತಿ ಓದಿದ ಆದಿವಾಸಿ ಹುಡುಗರನ್ನು ತಿಂಗಳ ಗೌರವಧನದ ಮೇಲೆ (2011ರ ಹೊತ್ತಿಗೆ ಅದು 3,000 ರೂಪಾಯಿ) ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿಕೊಂಡು, ಎರಡು ತಿಂಗಳ ತರಬೇತಿ ಕೊಟ್ಟು ಬಂದೂಕು ಹಿಡಿಸಿದರು. ಹಳ್ಳಿಗರನ್ನು ರಸ್ತೆ ಬದಿಯ ಶಿಬಿರಗಳಿಗೆ ತಂದರು. ಬರಲೊಪ್ಪದವರು ಕಾಡಿಗೋ ನೆರೆರಾಜ್ಯಕ್ಕೋ ಓಡಿದರು. ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್ ಮತ್ತಿತರರ ಅರ್ಜಿಯ ಮೇಲೆ 2011ರ ಜುಲೈ 5ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ. ಸುದರ್ಶನ ರೆಡ್ಡಿ ಮತ್ತು ಎಸ್.ಎಸ್. ನಿಜ್ಜರ್ ಈ ನೇಮಕವನ್ನು ಸಮಾನತೆಯ ಮತ್ತು ಬದುಕಿನ ಹಕ್ಕು ಕೊಡುವ ಸಂವಿಧಾನದ 14 ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದು ಹೇಳಿ, ಕೊಟ್ಟ ಬಂದೂಕುಗಳನ್ನು ವಾಪಸು ಪಡೆಯಲು ಆದೇಶಿಸಿದರು. ಕಾನೂನು ಓದುವ ಹುಡುಗ ಹುಡುಗಿಯರು ಆ ತೀರ್ಪನ್ನು ಪೂರ್ತಿ ಓದಬೇಕು. ಅದೇ ವರ್ಷ ರಾಜ್ಯ ಹೊಸ ಕಾಯ್ದೆ ತಂದು ಅದೇ ಹುಡುಗರನ್ನು ಸಹಾಯಕ ಪಡೆಗೆ ಸೇರಿಸಿಕೊಂಡಿತು ಎಂಬುದನ್ನೂ ತಿಳಿಯಬೇಕು.

ಶಿಬಿರದ ವಿಷಯಕ್ಕೆ ಬರುತ್ತೇನೆ, ಹೊರಗಿನವರು ಹೆಚ್ಚು ತಪ್ಪು ತಿಳಿಯುವುದು ಇಲ್ಲಿಯೇ. ಪಕ್ಕದಲ್ಲಿ ಪೊಲೀಸ್ ಠಾಣೆ ಇದ್ದರೆ ಜನ ಕ್ಷೇಮ ಎಂದು ನಮಗೆ ತೋರುತ್ತದೆ. ಆದರೆ 2006ರ ಜುಲೈನಲ್ಲಿ ಸಲ್ವಾ ಜುಡೂಮ್‌ನ ಎರ್ರಾಬೋರ್ ಶಿಬಿರದ ಮೇಲೆ ಮಾವೋವಾದಿಗಳು ದಾಳಿ ಮಾಡಿ 30ಕ್ಕೂ ಹೆಚ್ಚು ಜನರನ್ನು ಕೊಂದರು. ಶಿಬಿರದೊಳಗೆ ಬಂದೂಕು ಬಂತೆಂದರೆ ಇನ್ನೊಂದು ಕಡೆಯವರಿಗೆ ಇಡೀ ಶಿಬಿರವೇ ಶತ್ರುವಿನ ಠಾಣೆಯಾಗುತ್ತದೆ, ಒಳಗಿದ್ದ ಹಸುಗೂಸೂ ಅದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಂತರಿಕ ಸ್ಥಳಾಂತರದ ಬಗ್ಗೆ ವಿಶ್ವಸಂಸ್ಥೆ 1998ರಲ್ಲಿ ಹೊರತಂದ 30 ಮಾರ್ಗದರ್ಶಿ ಸೂತ್ರಗಳು ಶಿಬಿರದಲ್ಲಿ ಜನರನ್ನು ಕೂಡಿಹಾಕಬಾರದು, ಸ್ಥಳಾಂತರಗೊಂಡ ಮಕ್ಕಳನ್ನು ಯಾವ ಪಡೆಗೂ ಸೇರಿಸಿಕೊಳ್ಳಬಾರದು, ವಾಪಸು ಹೋಗುವುದು ಅವರ ಇಚ್ಛೆಯಿಂದಲೇ ಆಗಬೇಕು ಎನ್ನುತ್ತವೆ.

ಕೊಲಂಬಿಯಾದ ಸಾನ್ ಹೊಸೆ ದೆ ಅಪಾರ್ತಾದೊ ಎಂಬ ಊರಿನ ರೈತರು ಬಂದೂಕು ಹತ್ತಿರ ಬಂದರೆ ಅಪಾಯವೂ ಬರುತ್ತದೆ ಎಂಬುದನ್ನು ತಾವಾಗಿಯೇ ಕಂಡುಕೊಂಡರು. 1997ರ ಮಾರ್ಚ್ 23ರಂದು ‘ಶಾಂತಿ ಸಮುದಾಯ’ ಎಂದು ಘೋಷಿಸಿಕೊಂಡು, ಸೇನೆಯಾಗಲಿ ಗೆರಿಲ್ಲಾಗಳಾಗಲಿ ಖಾಸಗಿ ಪಡೆಯಾಗಲಿ ಯಾರಿಗೂ ಸುದ್ದಿ ಕೊಡುವುದಿಲ್ಲ, ಆಯುಧ ಮುಟ್ಟುವುದಿಲ್ಲ ಎಂದು ಕಟ್ಟುಪಾಡು ಮಾಡಿಕೊಂಡರು. ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ನಿರಾಯುಧ ವಿದೇಶಿ ಸ್ವಯಂಸೇವಕರು ಅವರ ಜೊತೆ ಓಡಾಡುತ್ತಿದ್ದರು. ಹೊರಗಿನವನೊಬ್ಬ ನೋಡುತ್ತಿದ್ದಾನೆ, ನಾಳೆ ವರದಿ ಬರೆಯುತ್ತಾನೆ ಎಂದು ಗೊತ್ತಾದರೆ ಕೊಲ್ಲಲು ಬಂದವನೂ ಒಂದು ಗಳಿಗೆ ಯೋಚಿಸುತ್ತಾನೆ ಎಂಬುದೇ ಇದರ ಹಿಂದಿನ ಲೆಕ್ಕ. ಅದು ಪ್ರತಿ ಸಲ ಫಲಿಸಲಿಲ್ಲ. 2005ರ ಫೆಬ್ರುವರಿ 21ರಂದು ಸಮುದಾಯದ ಮುಂದಾಳು ಲೂಯಿಸ್ ಎದ್ವಾರ್ದೊ ಗೆರ್ರಾ ಮತ್ತು ಮೂವರು ಮಕ್ಕಳು ಸೇರಿ ಎಂಟು ಜನರ ಕೊಲೆಯಾಯಿತು. ಅದಾದ ಮೇಲೆ ಸರ್ಕಾರ ಊರಿನಲ್ಲಿ ಪೊಲೀಸ್ ಠಾಣೆ ತೆರೆದಾಗ, ಜನ ಮನೆಗಳನ್ನೇ ಬಿಟ್ಟು ಸ್ವಲ್ಪ ದೂರದಲ್ಲಿ ಬೇರೆ ಊರು ಕಟ್ಟಿಕೊಂಡರು. ಓದಿದಾಗ ಹಟ ಎನಿಸಬಹುದು. ಎರ್ರಾಬೋರ್ ಗೊತ್ತಿದ್ದವರಿಗೆ ಹಾಗೆನಿಸುವುದಿಲ್ಲ. ಕೊಲೆಗಳಲ್ಲಿ ಖಾಸಗಿ ಪಡೆಯವರ ಜೊತೆ ಸೈನಿಕರೂ ಇದ್ದರೆಂದು ಮುಂದೆ ಸಾಬೀತಾದದ್ದಕ್ಕೂ, 2013ರಲ್ಲಿ ಅಧ್ಯಕ್ಷ ಸಾಂತೋಸ್ ಆ ಸಮುದಾಯದ ಕ್ಷಮೆ ಕೇಳಿದ್ದಕ್ಕೂ ಹಿಂದೆ ಸತ್ತವರ ಹೆಸರು, ದಿನ, ಜಾಗ ಬಿಡದೆ ಬರೆದಿಟ್ಟವರ ಶ್ರಮವಿದೆ.

ನಮ್ಮ ಕಾನೂನಿನಲ್ಲಿ ದಾರಿಗಳಿವೆ, ತೋರಿಸುವವರು ಕಡಿಮೆ. ಕೊಲೆ, ಸುಲಿಗೆಯಂಥ ಸಂಜ್ಞೇಯ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದು ಬಂದಿದೆ. ಸಾಕ್ಷಿಗೆ ಬೆದರಿಕೆಯಿದ್ದರೆ, ಸುಪ್ರೀಂ ಕೋರ್ಟ್ ಒಪ್ಪಿದ 2018ರ ಸಾಕ್ಷಿ ರಕ್ಷಣಾ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಿಂದ ಕಾನೂನುಬಾಹಿರವಾಗಿ ಎಬ್ಬಿಸಲ್ಪಟ್ಟವರಿಗೆ ಅರಣ್ಯ ಹಕ್ಕು ಕಾಯ್ದೆಯ 3(1)(ಎಂ) ಪುನರ್ವಸತಿಯ ಹಕ್ಕು ಕೊಡುತ್ತದೆ. ನನ್ನ ಮುಂದೆ ಕೂತ ಹುಡುಗನ ಊರು ಸುಟ್ಟದ್ದು 2006ರಲ್ಲಿ. ಆ ತಾರೀಖನ್ನು ನೋಡಿ ಅವತ್ತು ನನಗೆ ಹೊಟ್ಟೆ ತೊಳಸಿದಂತಾಯಿತು.

ಅವನ ಅಫಿಡವಿಟ್ಟಿನ ‘ಊರು’ ಎಂಬಲ್ಲಿ ಸುಟ್ಟುಹೋದ ಹಳ್ಳಿಯ ಹೆಸರನ್ನೇ ಬರೆದೆ, ಕೆಳಗೆ ಹಾಲಿ ವಾಸ್ತವ್ಯ ಬೈತಖೋಲ ಎಂದು. ಆಮೇಲೆ ಇನ್ನೊಂದು ಹಾಳೆ ತೆಗೆದು, ಆ ಹಳ್ಳಿಯಲ್ಲಿ ಯಾರ ಮನೆಯ ಪಕ್ಕ ಯಾರ ಮನೆಯಿತ್ತು ಹೇಳು ಎಂದೆ. ಹನ್ನೊಂದು ಮನೆ ಹೇಳಿದ. ಮಾಲೀಕರು ಎರಡು ಸಲ ಗಡಿಯಾರ ನೋಡಿದರು, ಮೂರನೇ ಸಲ ಕುರ್ಚಿ ಎಳೆದುಕೊಂಡು ಕೂತರು. ಆ ಹಾಳೆಯ ಒಂದು ನಕಲು ಇವತ್ತಿಗೂ ನನ್ನ ಕಪಾಟಿನಲ್ಲಿದೆ, ತೋಡೂರಿನ ಅಜ್ಜಿಯ ಫೈಲಿನ ಪಕ್ಕದಲ್ಲಿ.