ಕ್ಯಾರವಾನ್ ಚಾವಣಿಯ ರಬ್ಬರ್ ಹಾಳೆ: ಮಲೆನಾಡಿನ ಮಳೆಗೆ ಮುಂಚೆ ತಿಳಿದಿರಬೇಕಾದದ್ದು

ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್, ಅದರ ಚಾವಣಿ ಸೋರಿತು ಎಂದ ಕೂಡಲೇ ಕೈ ಹೋಗುವುದು ಎಂ-ಸೀಲ್‌ಗೆ, ಇಲ್ಲವೇ ಸಿಲಿಕಾನ್ ಟ್ಯೂಬಿಗೆ, ಹಳಬರಾದರೆ ಡಾಂಬರಿಗೆ. ಮೂರೂ ಈ ಚಾವಣಿಗೆ ಆಗಿಬರುವುದಿಲ್ಲ. ಏಕೆ ಆಗಿಬರುವುದಿಲ್ಲ ಎಂದು ತಿಳಿದುಕೊಂಡರೆ ಈ ಕೆಲಸದ ಮುಕ್ಕಾಲು ಪಾಲು ಕೈಗೆ ಬಂದ ಹಾಗೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ಮೈಯೊಡ್ಡಿ ನಿಲ್ಲುವ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಹಾಳೆ ಯಾವುದೆಂದು ಗುರುತಿಸಿ

ಚಾವಣಿಯ ಮೇಲ್ಪದರ ಸುಮಾರು ಒಂದು ಮಿ.ಮೀ. ದಪ್ಪದ ಸಿಂಥೆಟಿಕ್ ಹಾಳೆ. ಅದರ ಕೆಳಗೆ ಅಂಟು, ಅಂಟಿನ ಕೆಳಗೆ ತೆಳು ಪ್ಲೈವುಡ್. ಹಾಳೆಯಲ್ಲಿ ಮುಖ್ಯವಾಗಿ ಮೂರು ಜಾತಿ: ಇಪಿಡಿಎಂ, ಟಿಪಿಒ, ಪಿವಿಸಿ.

ಇಪಿಡಿಎಂ ನಿಜವಾದ ರಬ್ಬರ್. ಎಥಿಲೀನ್, ಪ್ರೊಪಿಲೀನ್, ಜೊತೆಗೆ ಸ್ವಲ್ಪ ಡೈಯೀನ್ ಸೇರಿಸಿ ಮಾಡಿದ್ದು. ಓಝೋನ್ ಬಂದು ಕಡಿಯುವುದು ರಬ್ಬರಿನ ಅಣುಸರಪಳಿಯಲ್ಲಿರುವ ದ್ವಿಬಂಧಗಳನ್ನು. ನೈಸರ್ಗಿಕ ರಬ್ಬರಿನಲ್ಲಿ ಅವು ಸರಪಳಿಯ ಬೆನ್ನೆಲುಬಿನಲ್ಲೇ ಇರುವುದರಿಂದ ಅದು ಬೇಗ ಬಿರುಕು ಬಿಡುತ್ತದೆ. ಇಪಿಡಿಎಂನಲ್ಲಿ ಡೈಯೀನ್ ತರುವ ದ್ವಿಬಂಧಗಳು ಪಕ್ಕದ ಕವಲುಗಳಲ್ಲಿರುತ್ತವೆ. ಹೀಗಾಗಿ ಬೆನ್ನೆಲುಬು ಬಿಸಿಲು, ಗಾಳಿಗೆ ಜಗ್ಗುವುದಿಲ್ಲ. ಆ ಕವಲುಗಳಲ್ಲೇ ವಲ್ಕನೀಕರಣ ನಡೆದು ಸರಪಳಿಗಳು ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಬೆಂದ ಇಡ್ಲಿ ಮತ್ತೆ ಹಿಟ್ಟಾಗುವುದಿಲ್ಲವಲ್ಲ, ಹಾಗೆಯೇ ಇದೂ ಮತ್ತೆ ಕರಗುವುದಿಲ್ಲ. ಬಿಸಿಗಾಳಿಯಿಂದ ಬೆಸೆಯಲು ಬರುವುದಿಲ್ಲ. ಅಂಟು ಅಥವಾ ಟೇಪೇ ಗತಿ.

ಇದರ ದೌರ್ಬಲ್ಯವೂ ರಚನೆಯಲ್ಲೇ ಇದೆ. ಅದು ಹೈಡ್ರೋಕಾರ್ಬನ್, ಹಾಗಾಗಿ ಇತರ ಹೈಡ್ರೋಕಾರ್ಬನ್‌ಗಳನ್ನು ಹೀರಿಕೊಂಡು ಉಬ್ಬುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಟರ್ಪೆಂಟೈನ್ ತಾಗಿದ ಜಾಗ ಅಲೆಅಲೆಯಾಗಿ ಎದ್ದು ಅಂಟು ಬಿಡುತ್ತದೆ. ಡಾಂಬರಿನ ಕಥೆ ಇಲ್ಲಿಗೆ ಮುಗಿಯಿತು. ಮರದ ಅಂಟು ಬಿದ್ದಿದೆಯೆಂದು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುವುದೂ ಅಷ್ಟೇ ಕೆಟ್ಟದ್ದು.

ಟಿಪಿಒ ಎಂದರೆ ಪಾಲಿಪ್ರೊಪಿಲೀನ್ ಮತ್ತು ರಬ್ಬರಿನ ಮಿಶ್ರಣ. ಬಿಸಿಗೆ ಕರಗುತ್ತದೆ, ಬೆಸೆಯಬಹುದು. ಆದರೆ ಅದರ ಮೈ ಸಾಮಾನ್ಯ ಅಂಟುಗಳಿಗೆ ಹಿಡಿತವನ್ನೇ ಕೊಡುವುದಿಲ್ಲ. ಪಿವಿಸಿಯನ್ನೂ ಬೆಸೆಯಬಹುದು, ಅದನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್ ವರ್ಷಗಟ್ಟಲೆ ಹೊರಹೋಗುತ್ತಾ ಬಂದು ಹಾಳೆ ಬಿರುಸಾಗುತ್ತದೆ.

ಗುರುತಿಸುವುದು ಹೇಗೆ? ಹಳೆಯ ಬಿಳಿ ಇಪಿಡಿಎಂ ಮೇಲೆ ಅಂಗೈ ಒರೆಸಿದರೆ ಸೀಮೆಸುಣ್ಣದಂಥ ಪುಡಿ ಹತ್ತುತ್ತದೆ. ಮಳೆ ಬಂದಾಗ ಗಾಡಿಯ ಪಕ್ಕದಲ್ಲಿ ಬಿಳಿ ಗೆರೆಗಳಾಗಿ ಇಳಿಯುವುದೂ ಅದೇ ಪುಡಿ. ಇನ್ನೂ ಖಾತ್ರಿಯಾಗಬೇಕಾದರೆ ಒಳಗಿನಿಂದ ಗಾಳಿಕಿಂಡಿಯ ಚೌಕಟ್ಟು ಬಿಚ್ಚಿ ಹಾಳೆಯ ಕತ್ತರಿಸಿದ ಅಂಚನ್ನು ನೋಡಿ. ಇಪಿಡಿಎಂ ಆಗಿದ್ದರೆ ಸಾಮಾನ್ಯವಾಗಿ ಕೆಳಮೈ ಕಪ್ಪು.

ಸೋರುವುದು ಎಲ್ಲಿ

ಹಾಳೆಯ ನಡುಮೈ ತೂತಾಗಿ ಸೋರುವುದು ಅಪರೂಪ. ಸೋರುವುದು ಹಾಳೆಯನ್ನು ಕೊಯ್ದ ಕಡೆ, ಇಲ್ಲವೇ ಸ್ಕ್ರೂ ಹೊಡೆದ ಕಡೆ: ಗಾಳಿಕಿಂಡಿ, ಪೈಪಿನ ಬುಡ, ಏಣಿಯ ಕಾಲು, ಗಾಡಿಯ ಮುಂದಿನ ಹಿಂದಿನ ಮುಖ ಮುಚ್ಚುವ ಕ್ಯಾಪ್ ಚಾವಣಿಗೆ ಸೇರುವ ಗೆರೆ, ಉದ್ದಕ್ಕೂ ಓಡುವ ಅಲ್ಯೂಮಿನಿಯಂ ಪಟ್ಟಿ.

ಆ ಪಟ್ಟಿಯ ಲೆಕ್ಕ ಒಮ್ಮೆ ಮಾಡಿ ನೋಡಿ. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ, ಪ್ರತಿ ಮೀಟರಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಪಟ್ಟಿ 5 ಮೀಟರ್ ಇದೆ, ನಸುಕಿನಲ್ಲಿ 15 ಡಿಗ್ರಿ, ಮಧ್ಯಾಹ್ನದ ಬಿಸಿಲಿಗೆ ಪಟ್ಟಿ ಕಾದು 55 ಡಿಗ್ರಿ ಎಂದಿಟ್ಟುಕೊಳ್ಳಿ. 5 × 0.023 × 40 = 4.6 ಮಿ.ಮೀ. ಕೆಳಗಿನ ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ. ಈ ಎಳೆದಾಟವನ್ನೆಲ್ಲ ಸ್ಕ್ರೂಗಳೂ ಅವುಗಳ ಸುತ್ತಲಿನ ಸೀಲಂಟೂ (ಸಂದು ಮುಚ್ಚುವ ಅಂಟು) ಹೊರಬೇಕು, ಅದೂ ದಿನದಿನವೂ. ಸಾಲದ್ದಕ್ಕೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಗಾಡಿಯ ಬಾಡಿಯೇ ತಿರುಚಿಕೊಳ್ಳುತ್ತದೆ. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ. ಜಗ್ಗದ್ದರಿಂದ ಅಂಚಿನಲ್ಲಿ ಸೀಳುತ್ತದೆ. ಸಿಲಿಕಾನ್ ಜಗ್ಗುವುದೇನೋ ಸರಿ, ಆದರೆ ಈ ಹಾಳೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಕಿತ್ತ ಮೇಲೂ ಉಳಿಯುವ ಅದರ ಜಿಡ್ಡುಪದರದ ಮೇಲೆ ಬೇರೆ ಸೀಲಂಟ್ ಸರಿಯಾಗಿ ಕೂರುವುದಿಲ್ಲ. ಒಂದು ಸಲ ಬಳಿದವರು ಮುಂದಿನ ರಿಪೇರಿಯವರ ಕೈ ಕಟ್ಟಿಹಾಕಿದಂತೆ.

ಬೇಕಾದದ್ದು ಇಂಥ ಚಾವಣಿಗೆಂದೇ ಮಾಡಿದ ಲ್ಯಾಪ್ ಸೀಲಂಟ್. ಡೈಕೋರ್ ಹೆಚ್ಚು ಕೇಳುವ ಹೆಸರು. ಇದರಲ್ಲಿ ಎರಡು ಬಗೆ: ಮಟ್ಟಸ ಜಾಗದಲ್ಲಿ ತಾನೇ ಹರಡಿಕೊಳ್ಳುವುದು, ನೆಟ್ಟಗಿನ ಗೋಡೆಯಲ್ಲಿ ಜಾರದೆ ನಿಲ್ಲುವುದು. ಅದಲುಬದಲು ಮಾಡಿದರೆ ಮೊದಲನೆಯದು ಗಾಡಿಯ ಪಕ್ಕದಲ್ಲಿ ಸುರಿದು ಹೋಗುತ್ತದೆ. ಕೊಳ್ಳುವಾಗ ಟ್ಯೂಬಿನ ಮೇಲೆ ನಿಮ್ಮ ಹಾಳೆಯ ಹೆಸರು ಇದೆಯೇ ನೋಡಿ.

ಒಂದು ಗಾಳಿಕಿಂಡಿಯ ಸುತ್ತ

ಚಾವಣಿಯ ಮೇಲೆ ಹಲಗೆ ಹಾಸಿ ಅದರ ಮೇಲೆ ಮಂಡಿಯೂರಿ, ಭಾರ ಹಂಚಿಹೋಗುತ್ತದೆ. ಹಳೆಯ ಸೀಲಂಟಿನ ಅಂಚಿಗೆ ಉಗುರು ಕೊಟ್ಟು ಎಬ್ಬಿಸಿ ನೋಡಿ. ಸ್ಕ್ರೂ ತಲೆಯ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು ಕಂಡರೆ ನೀರಿನ ದಾರಿ ಅದೇ. ಗಟ್ಟಿಯಾಗಿ ಕೂತಿರುವ ಸೀಲಂಟನ್ನು ಕೀಳಬೇಕಾಗಿಲ್ಲ, ಎದ್ದದ್ದನ್ನು ಮಾತ್ರ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆಯಿರಿ. ಕಬ್ಬಿಣದ ಉಳಿ ಹಾಳೆಯನ್ನೇ ಸೀಳೀತು.

ಕಿಂಡಿಯ ಪಟ್ಟಿಯೇ ಅಲ್ಲಾಡುತ್ತಿದ್ದರೆ ಮೇಲೆ ಬಳಿದು ಪ್ರಯೋಜನವಿಲ್ಲ. ಸ್ಕ್ರೂ ಬಿಚ್ಚಿ, ಪಟ್ಟಿ ಎತ್ತಿ, ಕೆಳಗಿನ ಹಳೆಯ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಕೆರೆದು ಹೊಸದು ಹಾಕಿ ಬಿಗಿಯಬೇಕು. ನೀರನ್ನು ನಿಜವಾಗಿ ತಡೆಯುವುದು ಒತ್ತಡದಲ್ಲಿ ಕೂತ ಈ ಬ್ಯುಟೈಲ್. ಮೇಲಿನ ಲ್ಯಾಪ್ ಸೀಲಂಟ್ ಅಂಚನ್ನೂ ಸ್ಕ್ರೂ ತಲೆಗಳನ್ನೂ ಕಾಯುತ್ತದೆ. ಆಮೇಲೆ ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಪುಡಿ ಹತ್ತುತ್ತಿರುವವರೆಗೂ ಒರೆಸುತ್ತಿರಿ. ಪುಡಿಯ ಮೇಲೆ ಹಾಕಿದ ಸೀಲಂಟ್ ಪುಡಿಯನ್ನೇ ಹಿಡಿದುಕೊಳ್ಳುತ್ತದೆ. ಸೀಲಂಟನ್ನು ಬೆರಳಿನಲ್ಲಿ ತೀಡಬೇಡಿ, ಅದು ತಾನಾಗಿ ಹರಡಿ ಅಂಚು ಮುಚ್ಚಿಕೊಳ್ಳಲಿ. ಮೇಲೆ ಕೆನೆ ಬೇಗ ಕಟ್ಟಿದರೂ ಒಳಗೆ ಪೂರ್ತಿ ಹದವಾಗಲು ವಾರಗಳು ಬೇಕು.

ಎ.ಸಿ. ಮಾತ್ರ ಬೇರೆ. ಅದು ಕೂರುವುದು ಫೋಮ್ ಗ್ಯಾಸ್ಕೆಟ್ ಮೇಲೆ, ಒಳಗಿನಿಂದ ಬೋಲ್ಟುಗಳ ಬಿಗಿತದಲ್ಲಿ. ಅದರ ಸುತ್ತ ಸೀಲಂಟ್ ಬಳಿಯಬಾರದು, ಎ.ಸಿ.ಯ ನೀರು ಹೊರಹೋಗುವ ದಾರಿ ಮುಚ್ಚುತ್ತದೆ. ಸೋರಿದರೆ ಬೋಲ್ಟನ್ನು ಸಮನಾಗಿ ಬಿಗಿದು ನೋಡಿ, ಆಗದಿದ್ದರೆ ಗ್ಯಾಸ್ಕೆಟ್ ಬದಲಿಸಿ.

ನಮ್ಮ ಕಡೆಯ ಕಾಲ, ನಮ್ಮ ಕಡೆಯ ಮರ

ಕಾಫಿ ಕುಯ್ಲು ಮುಗಿಯುತ್ತಾ ಬರುವ ಫೆಬ್ರವರಿಯೇ ನನ್ನ ಲೆಕ್ಕದಲ್ಲಿ ಒಳ್ಳೆಯ ಕಾಲ. ಆಗ ಮಾಡಿದ ಕೆಲಸವನ್ನು ಮಾರ್ಚ್–ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಾನೇ ಪರೀಕ್ಷಿಸುತ್ತದೆ, ತಪ್ಪಿದ್ದರೆ ತಿದ್ದಲು ಮೇ ತಿಂಗಳು ಕೈಯಲ್ಲಿರುತ್ತದೆ. ಮೇ ಕೊನೆಗೆ ಶುರು ಮಾಡಿದವರಿಗೆ ಆ ಅವಕಾಶವಿಲ್ಲ. ಬೆಳಗಿನ ಇಬ್ಬನಿ ಆರುವ ತನಕ ಟ್ಯೂಬ್ ಮುಟ್ಟಬೇಡಿ, ನಡುಹಗಲ ಸುಡುಬಿಸಿಲೂ ಬೇಡ.

ಪ್ಲೈವುಡ್ ಒದ್ದೆಯಿದ್ದರೆ ಮುಚ್ಚುವುದೆಂದರೆ ಕೊಳೆಯಲು ಬಿಟ್ಟಂತೆ. ಕಾಫಿ ಬೀಜದ ತೇವಾಂಶ ಅಳೆಯುವ ಮೀಟರ್ ಇದಕ್ಕೆ ಬಾರದು. ಮರಕ್ಕೆ ಎರಡು ಪಿನ್ ಚುಚ್ಚುವ ಮೀಟರ್ ಬೇಕು. ಅಳತೆ 20 ಶೇಕಡಾ ಮೀರಿದ್ದರೆ ಮೊದಲು ಒಣಗಿಸಿ. ಒತ್ತಿದಾಗ ಮೆತ್ತಗೆ ಕುಸಿಯುವ ಜಾಗಕ್ಕೆ ಸೀಲಂಟ್ ಮದ್ದಲ್ಲ, ಪ್ಲೈವುಡ್ಡನ್ನೇ ಬದಲಿಸಬೇಕು.

ತೊಳೆಯಲು ಮೆದು ಬ್ರಷ್, ಪಾತ್ರೆಯ ಸೋಪು ಸಾಕು. ತೋಟದ ಪವರ್ ಸ್ಪ್ರೇಯರ್ ಗನ್ ಹಿಡಿದು ಜೋಡಣೆಯ ಅಂಚಿಗೆ ನೀರು ಹೊಡೆದರೆ ಗಟ್ಟಿಯಿದ್ದದ್ದೂ ಎದ್ದುಬಿಡುತ್ತದೆ. ಸಿಲ್ವರ್ ಓಕ್ ಮರದಡಿ ಗಾಡಿ ನಿಲ್ಲಿಸಬೇಡಿ: ಅದರ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ, ಉದುರಿದ ಎಲೆ ನೀರು ಕಟ್ಟಿ ಪಾಚಿ ಬೆಳೆಸುತ್ತದೆ. ಟಾರ್ಪಾಲಿನ್ ಹೊದಿಸಿದರೆ ಗಾಳಿಗೆ ಪಟಪಟಿಸಿ ಹಾಳೆಯನ್ನೇ ಸವೆಸುತ್ತದೆ. ಅದರ ಬದಲು ಶೀಟಿನ ಶೆಡ್ ಕಟ್ಟಿಸಿ, ಮುಂಭಾಗ ಸ್ವಲ್ಪ ಎತ್ತರವಾಗಿ ಜಾಕ್ ಕೊಟ್ಟು ನಿಲ್ಲಿಸಿ.

ಆಮೇಲೂ ಸೋರಿದರೆ, ಒಳಗೆ ಕಲೆ ಕಂಡ ಜಾಗದ ನೇರ ಮೇಲೆಯೇ ತೂತಿರುತ್ತದೆಂದು ನಂಬಬೇಡಿ. ನೀರು ಪ್ಲೈವುಡ್ ಮೇಲೆ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ತೋಟದ ಪೈಪಿನಿಂದ ಸಣ್ಣಗೆ ನೀರು ಬಿಡಲಿ. ಇಳಿಜಾರಿನ ತಗ್ಗಿನ ಜೋಡಣೆಯಿಂದ ಶುರು ಮಾಡಿ, ಒಂದೊಂದಕ್ಕೂ ಕೆಲವು ನಿಮಿಷ ಕೊಟ್ಟು ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಕೆಳಗಿನ ಜೋಡಣೆಗಳಿಗೂ ಹರಿದು, ಯಾವುದು ಸೋರಿತೆಂದು ಹೇಳಲಾಗುವುದಿಲ್ಲ.