ಹುಳುವಿನ ಜೊತೆಗೆ ಗಿಡದ ಹೆಸರನ್ನೂ ಬರೆದಿಡಿ

ಎಲೆ ಮೇಯುವ ಹಸಿರು ಹುಳು ಕಂಡೊಡನೆ ಅದು ಚಿಟ್ಟೆ ಅಥವಾ ಪತಂಗದ ಮರಿಯೇ ಎಂದುಕೊಳ್ಳುವವರು ಹೆಚ್ಚು. ಆದರೆ ಅದು ಗರಗಸ ನೊಣ (ಸಾಫ್ಲೈ) ಎಂಬ ಬೇರೆಯೇ ಕೀಟದ ಮರಿಯೂ ಆಗಿರಬಹುದು. ಔಷಧಿ ಸಿಂಪಡಿಸುವ ಮೊದಲು ಕಾಲು ಎಣಿಸಿ ನೋಡಿ ಎನ್ನುವುದು ನನ್ನ ಮೊದಲ ಸಲಹೆ. ಎದೆಯ ಬಳಿ ಮೂರು ಜೊತೆ ನಿಜಗಾಲು ಎರಡು ಬಗೆಯವಕ್ಕೂ ಇರುತ್ತವೆ. ಹಿಂದೆ ಹೊಟ್ಟೆಯಡಿ ಇರುವ ಮೆತ್ತನೆಯ ಹುಸಿಗಾಲುಗಳು ಐದು ಜೊತೆಯೋ ಅದಕ್ಕಿಂತ ಕಡಿಮೆಯೋ ಇದ್ದರೆ ಚಿಟ್ಟೆ-ಪತಂಗದ ಬಳಗ. ಆರು ಅಥವಾ ಅದಕ್ಕೂ ಹೆಚ್ಚಿದ್ದರೆ ಗರಗಸ ನೊಣದ ಮರಿ. ತಲೆಯ ಒಂದೊಂದು ಪಕ್ಕದಲ್ಲೂ ಒಂದೇ ಕಣ್ಣಿನ ಚುಕ್ಕೆ ಕಂಡರೆ ಅನುಮಾನವೇ ಬೇಡ. ಕಾಂಡದೊಳಗೆ, ಎಲೆಯ ಪದರದೊಳಗೆ ಬೆಳೆಯುವ ಜಾತಿಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ದುಡ್ಡೂ ಶ್ರಮವೂ ವ್ಯರ್ಥ. ಪತಂಗದ ಮರಿಗಳಿಗೆ ಬಳಸುವ ಬಿ.ಟಿ. ಕುರ್ಸ್ಟಾಕಿ ಎಂಬ ಬ್ಯಾಕ್ಟೀರಿಯಾದ ಜೈವಿಕ ಕೀಟನಾಶಕಕ್ಕೆ ಗರಗಸ ನೊಣದ ಮರಿಗಳು ಸಾಯುವುದಿಲ್ಲ. ಇವು ಜೇನು, ಕಣಜ, ಇರುವೆಗಳ ಸಂಬಂಧಿಗಳು. ಆದರೆ ಪ್ರೌಢ ಕೀಟಕ್ಕೆ ಕಣಜದಂಥ ಸಣ್ಣ ಸೊಂಟವಿಲ್ಲ.

ಗರಗಸ ನೊಣಗಳಲ್ಲಿ ಯಾವ ಜಾತಿಯೆಂದು ತಿಳಿಯಲು ಇಲ್ಲಿಂದ ಮುಂದೆ ದಾರಿ ತೋರಿಸುವುದು ಗಿಡ. ಬಹಳಷ್ಟು ಜಾತಿಗಳು ಒಂದೇ ಗಿಡಕ್ಕೆ ಅಥವಾ ಒಂದೇ ಕುಟುಂಬದ ಗಿಡಗಳಿಗೆ ಅಂಟಿಕೊಂಡಿರುತ್ತವೆ. ಸಾಸಿವೆ, ಮೂಲಂಗಿ, ಎಲೆಕೋಸನ್ನು ಮೇಯುವ ಅಥಾಲಿಯಾ ಎಂಬ ಗರಗಸ ನೊಣದ ಮರಿಯನ್ನೇ ನೋಡಿ: ಕಪ್ಪು ಮಿಶ್ರಿತ ಹಸಿರು ಮೈ, ಎಂಟು ಜೊತೆ ಹುಸಿಗಾಲು, ಮುಟ್ಟಿದರೆ ಸುರುಳಿ ಸುತ್ತಿಕೊಂಡು ನೆಲಕ್ಕೆ ಬೀಳುವ ಅಭ್ಯಾಸ. ಬೆಳಗ್ಗೆ ಮತ್ತು ಸಂಜೆ ಮೇಯ್ದು, ಬಿಸಿಲೇರಿದಾಗ ಮರೆಯಾಗುತ್ತದೆ; ಮಧ್ಯಾಹ್ನ ಹುಡುಕಲು ಹೋದವರಿಗೆ ತೂತುಬಿದ್ದ ಎಲೆಯಷ್ಟೇ ಸಿಗುವುದು. ಗುಲಾಬಿಯಲ್ಲಾದರೆ ಎಳೆಯ ಕಾಂಡ ನೋಡಿ. ಆರ್ಜೆ ಎಂಬ ಗರಗಸ ನೊಣದ ಹೆಣ್ಣು ಗರಗಸದಂಥ ಅಂಗದಿಂದ ಸೀಳಿ ಸಾಲಾಗಿ ಮೊಟ್ಟೆಯಿಟ್ಟ ಗಾಯ ಆಮೇಲೂ ಉಳಿದಿರುತ್ತದೆ. ಪೇರ್, ಚೆರ್ರಿ ಎಲೆಯ ಮೇಲೆ ಲೋಳೆ ಬಳಿದುಕೊಂಡು ನರಗಳನ್ನಷ್ಟೇ ಬಿಟ್ಟು ಕೆರೆದು ತಿನ್ನುವ ಕಪ್ಪು ಜೀವಿಯೂ ಗೊಂಡೆಹುಳುವಲ್ಲ, ಇದೇ ಬಳಗದ್ದು.

ಒಂದು ಎಚ್ಚರಿಕೆ. ಬಲಿತ ಮರಿ ಕೋಶ ಕಟ್ಟಲು ಜಾಗ ಹುಡುಕುತ್ತ ಸಿಕ್ಕಿದ ಗಿಡವನ್ನೆಲ್ಲ ಹತ್ತುತ್ತದೆ. ಕಂಡ ಗಿಡವೇ ಆಹಾರ ಎನ್ನಲು ಎಲೆಯಲ್ಲಿ ಕಚ್ಚಿದ ಗುರುತು ಇರಬೇಕು, ಹುಳು ಮೇಯುತ್ತಿರುವುದನ್ನು ಕಣ್ಣಾರೆ ಕಂಡರೆ ಇನ್ನೂ ಒಳ್ಳೆಯದು. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಹೂವು ಅಥವಾ ಕಾಯಿಯಿರುವ ರೆಂಬೆಯ ಫೋಟೊ ತೆಗೆಯಿರಿ. ಹುಳುವಿನ ಫೋಟೊವನ್ನೂ ಆಗಲೇ ತೆಗೆದುಬಿಡಿ. ಬೆಳೆದಂತೆ ಅದರ ರೂಪ ಬದಲಾಗಬಹುದು: ಗೂಸ್‌ಬೆರ್ರಿ (ನಮ್ಮ ನೆಲ್ಲಿಯಲ್ಲ, ಯುರೋಪಿನ ಮುಳ್ಳುಪೊದೆ) ತಿನ್ನುವ ಮರಿ ಕೊನೆಯ ಪೊರೆ ಕಳಚಿದಾಗ ಕಪ್ಪು ಚುಕ್ಕೆಗಳನ್ನೆಲ್ಲ ಕಳೆದುಕೊಳ್ಳುತ್ತದೆ. ಸಾಕುವುದಾದರೆ ಅದೇ ಗಿಡದ ತಾಜಾ ಎಲೆ ಕೊಡಿ, ಡಬ್ಬಿಯ ತಳಕ್ಕೆ ತೇವದ ಮಣ್ಣು ಹಾಕಿ. ಅನೇಕ ಜಾತಿಗಳು ಮಣ್ಣಿನಲ್ಲೇ ಕೋಶ ಕಟ್ಟುತ್ತವೆ. ಕೆಲವು ಇಡೀ ಚಳಿಗಾಲ ಹಾಗೇ ಇರುವುದುಂಟು, ಆದ್ದರಿಂದ ಸತ್ತಿತೆಂದು ಮಣ್ಣನ್ನು ಎಸೆಯಬೇಡಿ.