ಗಡಿ ಎಳೆಯುವ ಮುನ್ನ ಬಲೆಯನ್ನು ನೋಡಬೇಕು

ಹೊನ್ನಾವರ ತಾಲೂಕಿನ ಅಪ್ಸರಕೊಂಡ–ಮುಗಳಿ ಸಾಗರ ವನ್ಯಜೀವಿಧಾಮದ ಮಾತು ಬಂದಾಗಲೆಲ್ಲ ನಾಡದೋಣಿಯವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಇನ್ನು ನಾವು ಬಲೆ ಬಿಡೋದು ಎಲ್ಲಿ?" ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲಾ ನಡುವಿನ ಊರುಗಳು ತೆರವಾದದ್ದನ್ನು ಕಂಡ ಈ ಜಿಲ್ಲೆಯಲ್ಲಿ ಆ ಪ್ರಶ್ನೆಯನ್ನು ಬರಿಯ ಅನುಮಾನವೆಂದು ತಳ್ಳಿಹಾಕುವಂತಿಲ್ಲ.

ಕಾನೂನು ಅವರ ಪರವಾಗಿಯೇ ಒಂದು ಮಾತು ಹೇಳುತ್ತದೆ. ಪ್ರಾದೇಶಿಕ ಜಲವ್ಯಾಪ್ತಿಯನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ವೃತ್ತಿಹಿತ ಕಾಯಲು ಸಾಕಷ್ಟು ಕ್ರಮ ಕೈಗೊಂಡ ಮೇಲೆಯೇ ಗಡಿ ನಿಗದಿಯಾಗಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಮು ವಿಧಿಸುತ್ತದೆ. ಆದರೆ ನಾನು ಕುಳಿತ ಸಭೆಗಳಲ್ಲಿ ಈ ವಾಕ್ಯ ಚರ್ಚೆಗೆ ಬಂದದ್ದು ಕಡಿಮೆ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಅಕ್ಷಾಂಶ–ರೇಖಾಂಶಗಳಿದ್ದವು, ಗುಡ್ಡದ ತುದಿಯನ್ನೂ ಗೋಪುರವನ್ನೂ ಗುರುತು ಹಿಡಿದು ಬಲೆ ಬಿಡುವವರಿಗೆ ಅದರಲ್ಲಿ ತಮ್ಮ ಜಾಗ ಯಾವುದೆಂದೇ ತಿಳಿಯಲಿಲ್ಲ.

ಒಂದೇ ಗೆರೆ ಎಲ್ಲ ದೋಣಿಗಳ ಮೇಲೂ ಒಂದೇ ಭಾರ ಹಾಕುವುದಿಲ್ಲ. ಪರ್ಸೀನ್ ಅಥವಾ ಟ್ರಾಲ್ ಬಲೆಯ ದೊಡ್ಡ ಯಾಂತ್ರಿಕ ಬೋಟಿಗೆ ದಡದ ಸಮೀಪ ತಡೆ ಬಿದ್ದರೆ ಅದು ಇನ್ನಷ್ಟು ಡೀಸೆಲ್ ಸುಟ್ಟು ಆಳಕ್ಕೆ ಹೋದೀತು. ಇಬ್ಬರು ಹುಟ್ಟು ಹಾಕುವ ಪಾತಿ ದೋಣಿಗೆ ಹೋಗಲು ಬೇರೆ ಕಡಲಿಲ್ಲ. ಋತುವಿನ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಯಾಂತ್ರಿಕ ಬೋಟುಗಳೆಲ್ಲ ಬಂದರಿನಲ್ಲಿ ನಿಂತಿರುವಾಗ, ವಿನಾಯಿತಿ ಪಡೆದ ಸಾಂಪ್ರದಾಯಿಕ ದೋಣಿಗಳು ಅಳಿವೆಯ ಬಾಯಲ್ಲಿಯೂ ದಡದಂಚಿನಲ್ಲಿಯೂ ಹಿಡಿಯುವ ಸಿಗಡಿ, ಬಂಗಡೆಗಳಿಗೆ ಒಳ್ಳೆಯ ಬೆಲೆ ಸಿಗುತ್ತದೆ. ವರ್ಷವಿಡೀ ಅನ್ವಯಿಸುವ ಒಂದೇ ನಿರ್ಬಂಧ ಕಸಿದುಕೊಳ್ಳುವುದು ಈ ಎರಡು ತಿಂಗಳ ದುಡಿಮೆಯನ್ನು. ಹಾಗೆಂದು ಸಣ್ಣ ದೋಣಿಯಿಂದ ಹಾನಿಯೇ ಇಲ್ಲವೆನ್ನಲಾರೆ: ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುವ ಆಲಿವ್ ರಿಡ್ಲಿ ಆಮೆಗಳು ಬೀಡುಬಲೆಗೂ ಸಿಕ್ಕಿ ಸಾಯುತ್ತವೆ. ಆ ತಿಂಗಳುಗಳಲ್ಲಿ ಮೊಟ್ಟೆಯಿಡುವ ದಂಡೆಯ ಎದುರಿಗಷ್ಟೇ ಬಲೆ ನಿಲ್ಲಿಸಿ, ಆಮೆಯನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ ಅದರ ಬೆಲೆ ಕೊಟ್ಟರೆ ಬಹುಪಾಲು ಜನ ಒಪ್ಪುತ್ತಾರೆಂಬುದು ನನ್ನ ಅನುಭವ.

ಗೆರೆಯ ಹೊರಗಿನಿಂದ ಬರುವ ಕೇಡನ್ನು ಗೆರೆ ತಡೆಯುವುದಿಲ್ಲ. ಗೇರುಸೊಪ್ಪೆ ಅಣೆಕಟ್ಟಿನಿಂದ ವಿದ್ಯುತ್ ಉತ್ಪಾದನೆಯ ಸಿಹಿನೀರು ವರ್ಷವಿಡೀ ಹರಿದು ಶರಾವತಿ ಅಳಿವೆಯ ಉಪ್ಪಿನಂಶ ಕುಗ್ಗಿತು, ಅದರೊಂದಿಗೆ ಅಲ್ಲಿನ ಚಿಪ್ಪುಮೀನಿನ ಸಂಪತ್ತೂ ಹೋಯಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಇಂದಿಗೂ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. 2024ರಲ್ಲಿ ಆ ಅಳಿವೆಯ 4801 ಹೆಕ್ಟೇರ್, ಜೌಗುಪ್ರದೇಶಗಳ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸರ್‌ನ ಪಟ್ಟಿಗೆ ಸೇರಿತು. ಆ ಒಪ್ಪಂದದ ತಿರುಳು ವಿವೇಕದ ಬಳಕೆಯೇ ಹೊರತು ಬಳಚು ಆರಿಸುವವರನ್ನು ಹೊರಗಟ್ಟುವುದಲ್ಲ.

ಆದ್ದರಿಂದ ಅಧಿಕಾರಿಗಳಲ್ಲಿ ನಾನು ಕೇಳುವುದಿಷ್ಟು: ಗಡಿಯ ನಕ್ಷೆಗೆ ಮುನ್ನ, ಯಾವ ತಿಂಗಳು ಯಾವ ಬಲೆ ಯಾವ ಜಾಗದಲ್ಲಿ ಬೀಳುತ್ತದೆಂಬ ಇನ್ನೊಂದು ನಕ್ಷೆಯನ್ನು ದೋಣಿಯವರೊಂದಿಗೆ ಒಂದು ಪೂರ್ತಿ ವರ್ಷ, ಮಳೆಗಾಲವನ್ನೂ ಸೇರಿಸಿ, ಬರೆಯಿರಿ. ನವೆಂಬರಿನಲ್ಲಿ ಮೂರು ದಿನ ಬಂದು ಹೋದವರ ಸಮೀಕ್ಷೆಯಲ್ಲಿ ಜೂನ್ ತಿಂಗಳ ಸಿಗಡಿ ಕಾಣಸಿಗದು.